ಬೀಜ ತೆಗೆದ ಕಾಯಿ

ನಮ್ಮಮ್ಮ ಯಾರಿಗಾದರೂ ಮೆಣಸಿನಕಾಯಿ ಕೊಟ್ಟರೆ ಅದರ ಹೊಟ್ಟೆ ಸೀಳಿ, ಬೀಜ ಕೆರೆದು ತೆಗೆದೇ ಕೊಡುತ್ತಿದ್ದಳು. "ಬೀಜ ಹೊಟ್ಟೆಗೆ ಒಳ್ಳೇದಲ್ಲ ನೋಡಿ, ಉರಿ ಬರುತ್ತೆ" ಎಂದು ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳುವಳು. ಬಾಗಿಲು ಹಾಕಿದ ಕೂಡಲೇ ಬಣ್ಣ ಬಯಲು. "ಅವರ ಮನೇಲಿ ಯಾಕೆ ಬೆಳೀಬೇಕು? ಇದು ನಮ್ಮಮ್ಮಂದು." ಅಜ್ಜಿ ಬಿಟ್ಟು ಹೋದ ಆಸ್ತಿ ಎಂದರೆ ಆ ಬೀಜವೊಂದೇ. ಗಿಡ್ಡನೆಯ, ಮೈಯೆಲ್ಲ ಸುಕ್ಕಾದ ಕಾಯಿ, ಯಾವ ಅಂಗಡಿಯಲ್ಲೂ ಸಿಗದ್ದು. ಹಳೇ ಬೀಜ ಹುಟ್ಟುವುದಿಲ್ಲವೆಂದು ಪ್ರತಿವರ್ಷ ಇದ್ದಬದ್ದದ್ದನ್ನೆಲ್ಲ ತಾರಸಿಯ ಕುಂಡಗಳಲ್ಲಿ ಬಿತ್ತಿಬಿಡುತ್ತಿದ್ದಳು.

ಈ ಸಲ ಅವಳು ಹಾಸಿಗೆ ಹಿಡಿದಳು. ಡಾಕ್ಟರು ಅಪ್ಪನನ್ನೂ ನನ್ನನ್ನೂ ಹೊರಗೆ ಕರೆದು ಹೇಳಬೇಕಾದ್ದನ್ನು ಹೇಳಿದರು. ಆ ಗಡಿಬಿಡಿಯಲ್ಲಿ ತಾರಸಿಗೆ ಹೋದವರಿಲ್ಲ, ಗಿಡಗಳು ನೀರಿಲ್ಲದೆ ಸತ್ತವು. ಹಣ್ಣಾಗಿದ್ದ ಕಾಯಿಗಳನ್ನಷ್ಟೇ ಬಿಡಿಸಿ ತಂದೆ.

"ಚೆನ್ನಾಗಿ ಒಣಗಿಸಿ. ಕಿವಿ ಹತ್ರ ಅಲ್ಲಾಡಿಸಿದ್ರೆ ಗಲಗಲ ಅನ್ನಬೇಕು. ನಾನು ಎದ್ದ ಮೇಲೆ ಬಿತ್ತೋಣ" ಎಂದಳು.

ಅವಳು ಏಳುವ ಮಾತು ಸುಳ್ಳೆಂದು ನಮಗೆ ಗೊತ್ತಿತ್ತು. ಮೊಳಕೆಯನ್ನಾದರೂ ಕಣ್ತುಂಬ ನೋಡಿ ಹೋಗಲಿ ಎಂದುಕೊಂಡೆವು. ಅದಕ್ಕಿಂತ ದೊಡ್ಡ ಆಸೆ ನಮ್ಮಲ್ಲಿ ಉಳಿದಿರಲಿಲ್ಲ.

ಬಿಸಿಲು ಕೈಕೊಟ್ಟಿತು. ಹಳೇ ಬೆಡ್‌ಶೀಟಿನ ಮೇಲೆ ಹರಡಿ, ಫ್ಯಾನ್ ಹಾಕಿ, ಹೊರಳಿಸಿ ಹೊರಳಿಸಿ ನನ್ನ ಕೈ ಧಗಧಗ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅತ್ತೆ. ಕಾರಣ ಸಿಕ್ಕಿದ್ದೇ ಒಳ್ಳೆಯದಾಯಿತು, ಚೆನ್ನಾಗಿಯೇ ಅತ್ತೆ. ಆದರೂ ತೊಟ್ಟಿನ ಬಳಿ ಬೂಷ್ಟು ಕಾಣಿಸಿಕೊಂಡಿತು.

ಅಪ್ಪ ಬೇಕರಿಯಲ್ಲಿ ಬ್ರೆಡ್ ಮಾಡುವವನು. ಒಂದು ದಿನ ನಾನು ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬಂದಾಗ ಬೆಡ್‌ಶೀಟ್ ಖಾಲಿ. ಸಂಜೆ ಅಪ್ಪ ಟ್ರೇ ಹೊತ್ತು ಬಂದ. ಒಂದನ್ನೂ ಬಿಡದೆ ಒಯ್ದಿದ್ದ, ಎಲ್ಲವೂ ಗರಿಗರಿ.

"ಬ್ರೆಡ್ ತೆಗೆದ ಮೇಲೆ ಭಟ್ಟಿ ಬಿಸಿ ಸುಮ್ನೆ ದಂಡ ಆಗುತ್ತಲ್ಲ, ಅದರಲ್ಲಿ ಇಟ್ಟೆ. ಬಣ್ಣ ನೋಡೇ!"

ಬಣ್ಣ ನಿಜಕ್ಕೂ ಚೆನ್ನಾಗಿತ್ತು. ಅವನಿಗೆ ಒಣಗಿಸುವುದೆಂದರೆ ಹಸಿ ಹೋಗುವುದು, ಅಷ್ಟೆ. ಜೀವ ಉಳಿಸಿಕೊಂಡು ಒಣಗುವುದು ಬೇರೆ ಎಂದು ಆ ಗಳಿಗೆಯಲ್ಲಿ ನನಗೂ ಹೊಳೆಯಲಿಲ್ಲ.

ಅಮ್ಮ ಒಂದನ್ನು ಕಿವಿ ಬಳಿ ಅಲ್ಲಾಡಿಸಿದಳು. ಗಲಗಲ ಎಂದಿತು. ಆಮೇಲೆ ಮೂಗಿನ ಹತ್ತಿರ ಹಿಡಿದಳು. ಅಪ್ಪನ ಮುಖವನ್ನೇ ನೋಡಿ, "ಚೆನ್ನಾಗಿ ಒಣಗಿದೆ ಕಣ್ರೀ" ಎಂದಳು.

ಅಪ್ಪ ಅವಳ ಮಂಚದ ಪಕ್ಕದ ಕಿಟಕಿಯಲ್ಲಿ ಕುಂಡವಿಟ್ಟು ಬಿತ್ತಿದ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಮಗ್ ಹಿಡಿದು ನಿಲ್ಲುವನು. "ಇನ್ನೇನು, ಇವತ್ತೋ ನಾಳೆಯೋ." ವಾರಗಳು ಕಳೆದರೂ ಮಣ್ಣು ಮಣ್ಣಾಗಿಯೇ ಇತ್ತು. ಅಮ್ಮ ದಿನದಿನಕ್ಕೆ ಇಳಿದುಹೋದಳು. ಮಿಕ್ಕ ಬೀಜವನ್ನೂ ಅಪ್ಪ ಬಿತ್ತಿ ಮುಗಿಸಿದ.

ಕೊನೆಗೆ ನಾನು ಮಹಡಿ ಮನೆಯ ಟೈಲರಕ್ಕನ ಹತ್ತಿರ ಹೋದೆ. "ಅಕ್ಕಾ, ನಮ್ಮಮ್ಮ ಕೊಡ್ತಿದ್ದ ಕಾಯಿದು ಒಂದಾದ್ರೂ ಬೀಜ ಇದ್ಯಾ?"

ಅವರು ಕತ್ತರಿ ಕೆಳಗಿಟ್ಟರು. "ಬೀಜ ತೆಗೆದೇ ಅಲ್ವೇನೇ ಕೊಡ್ತಿದ್ದದ್ದು? ಪಾಪ, ನಮ್ಮ ಹೊಟ್ಟೆ ಮೇಲೆ ಎಷ್ಟು ಕಾಳಜಿ ಅವರಿಗೆ!"

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಎರಡನ್ನೂ ನುಂಗಿಕೊಂಡು ಮೆಟ್ಟಿಲಿಳಿದೆ.

ಮರುದಿನ ಅಪ್ಪ ನೀರು ತರಲು ಹೋದಾಗ ಅಮ್ಮ ನನ್ನ ಕೈ ಹಿಡಿದಳು.

"ಅವತ್ತೇ ಬೇಕರಿ ವಾಸನೆ ಬಂತು ಕಣೇ. ಬೆಂದಿರೋ ಬೀಜ ಅದು."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಆ ಮನುಷ್ಯ ತಡ್ಕೊಳ್ತಾರಾ?" ಉಸಿರು ಸಾಲದೆ ದಿಂಬಿಗೆ ಒರಗಿದಳು. "ಟೈಲರಕ್ಕನ್ನ ಒಂದು ಮಾತು ಕೇಳು. ಯಾವತ್ತಾದ್ರೂ ಮರೆತು ಒಂದು ಬೀಜ ಬಿಟ್ಟಿರ್ತೀನಿ."

"ಕೇಳಿದೆ ಅಮ್ಮ."

ಅವರು ಏನೆಂದರು ಎಂದು ಅವಳು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ನಾನೆಲ್ಲಿ ಮರೀತೀನಿ" ಎಂದಳು.

ಅಪ್ಪ ಮಗ್ ತುಂಬಿಸಿಕೊಂಡು ಬಂದ.