ಪಾಳಿಯ ಜಾಲತಾಣ ಯಾರ ಹೆಸರಿಗಿದೆ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದ ಫೋನು ಒಮ್ಮೆ ಟಿಣ್ ಎಂದಿತು. ಮರಿಲಿಂಗಮ್ಮ ದೀಪ ಹಾಕದೆ ನೋಡಿದಳು. ಆರು ಅಂಕಿಯ ಓಟಿಪಿ. ಜಾಲತಾಣದ ಹೆಸರನ್ನು ಬೇರೆಯವರಿಗೆ ವರ್ಗಾಯಿಸಲು ಇದನ್ನು ಬಳಸಿ, ಯಾರಿಗೂ ಹೇಳಬೇಡಿ ಎಂದಿತ್ತು. ಅವಳು ಏನನ್ನೂ ಕೇಳಿರಲಿಲ್ಲ.

ಅವಳು ಸಗರದ ನೀರು ಬಳಕೆದಾರರ ಸಂಘದಲ್ಲಿ ಗುಮಾಸ್ತೆ. ಕಾಲುವೆ ನೀರಿನ ಪಾಳಿ ಯಾವ ತೂಬಿಗೆ ಯಾವ ದಿನ ಎಂದು ಸಂಘದ ಜಾಲತಾಣದಲ್ಲಿ ಹಾಕುವುದು ಅವಳ ಕೆಲಸ. ಕಾಲುವೆಯ ಕೊನೆಯ ಹೊಲದವರು ಅದನ್ನು ನಂಬಿಯೇ ಭತ್ತಕ್ಕೆ ನೀರು ಕಟ್ಟುತ್ತಿದ್ದರು. ಆ ಹೆಸರು ಬೇರೆ ಕೈಗೆ ಹೋದರೆ, ಸೋಮವಾರದ ಪಾಳಿಯನ್ನು ಬುಧವಾರವೆಂದು ಬರೆದರೂ ಕೇಳುವವರಿರಲಿಲ್ಲ.

ಪಾಸ್‌ವರ್ಡ್ ಇನ್ನಿಬ್ಬರಿಗೆ ಗೊತ್ತಿತ್ತು: ಅಧ್ಯಕ್ಷ ಸಂಗಣ್ಣನಿಗೆ, ಹೆಸರು ಕೊಂಡುಕೊಟ್ಟ ಶಹಾಪುರದ ಆನ್‌ಲೈನ್ ಅಂಗಡಿಯ ಮೈನುದ್ದೀನನಿಗೆ. ಹೋದ ತಿಂಗಳು ಅದೇ ಅಂಗಡಿಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಔಷಧಿ ಕಂಪನಿಯವರಿಬ್ಬರು ಚಹಾ ಕುಡಿಯುತ್ತಿದ್ದುದನ್ನು ಅವಳು ಕಂಡಿದ್ದಳು. ಮತ್ತೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಶಹಾಪುರದ ಮೊದಲ ಬಸ್ಸು ಹಿಡಿದಳು.

"ನನ್ನ ಮ್ಯಾಲೆ ಡೌಟ್ ಬಂದದೇನ್ರಿ ಅಕ್ಕಾರ?" ಎಂದ ಮೈನುದ್ದೀನ, ಪಹಣಿ ಪ್ರಿಂಟು ತೆಗೆಯುತ್ತಲೇ.

"ನಿನ್ನೊಬ್ಬನ ಮ್ಯಾಲಲ್ಲ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ವರ್ಗಾವಣೆಯ ಕೋರಿಕೆ ಹೋದದ್ದು ಸಂಗಣ್ಣನ ಫೋನಿನಿಂದ. ಪಾಳಿ ನೋಡುವ ರೈತರಿಗೆಲ್ಲ ತಮ್ಮ ಔಷಧಿ ತೋರಿಸಲು ಆ ಹೆಸರು ಕೊಡೆಂದು ಕಂಪನಿಯವರು ಮೊದಲು ತನ್ನನ್ನೇ ಕೇಳಿದ್ದರು, ಚಹಾ ಕುಡಿಸಿ ಕಳಿಸಿದೆ ಎಂದ. ಇಂಥ ಹೆಸರುಗಳ ಮೂಲಪಟ್ಟಿ ಇಡುವ ಸಂಸ್ಥೆ ಮೊದಲು ಸೇವೆಯೆಂದು ನಡೆಯುತ್ತಿತ್ತಂತೆ. ಈಗ ಅದನ್ನು ಕೊಂಡವರು ಲಾಭ ನೋಡಿ ವರ್ಷವರ್ಷ ದರ ಏರಿಸುತ್ತಿದ್ದಾರಂತೆ. ಅದಕ್ಕೇ ಹತ್ತು ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟಿಟ್ಟಿದ್ದ.

ಯಾರ ಹೆಸರಿಗೆ ಎಂದು ಅವಳು ಕೇಳಿದಳು.

"ನಿಮ್ಮ ಹೆಸರಿಗೇ ಅದರಿ. ಅಧ್ಯಕ್ಷರು ಬದಲಾಗ್ತಾರ, ನನಗ ಅಂಗಡಿ ಬಾಡಿಗಿ ಅದ. ಹಾಲಿನವನಿಗೂ ನೀರು ಹಾಕಿಯೇನಂತ ಎರಡು ಸಲ ಕೇಳೋರು ನೀವು. ನಿಮ್ಮ ಕೈಯಾಗೇ ಇರ್ಲಿ ಅಂದೆ."

ಹೆಸರು ಕೊಂಡ ದಿನ ಅವನು ಕೊಟ್ಟ ಕಾಗದಕ್ಕೆ ಸಾಕ್ಷಿ ಸಹಿ ಎಂದುಕೊಂಡು ರುಜು ಹಾಕಿದ್ದಳು. ಜೀವಮಾನದಲ್ಲಿ ಅವಳು ಓದದೆ ಸಹಿ ಮಾಡಿದ ಕಾಗದ ಅದೊಂದೇ. ಸಂಗಣ್ಣನಿಗೆ ಇದು ಗೊತ್ತಿಲ್ಲ, ಅವಳ ನಂಬರು ಸಂಘದ ಪರವಾಗಿ ಇದೆಯೆಂದೇ ತಿಳಿದಿದ್ದಾನೆ ಎಂದ ಮೈನುದ್ದೀನ. ಅವನು ಹೇಳಿದ್ದೆಲ್ಲ ನಿಜವೇ ಎಂದು ಬಸ್ಸಿನ ತುಂಬ ಯೋಚಿಸುತ್ತ ಬಂದಳು.

ಮಧ್ಯಾಹ್ನ ಸಂಗಣ್ಣ ಆಫೀಸಿಗೆ ಬಂದ. ಫ್ಯಾನು ಜೋರಾಗಿ ತಿರುಗುವುದಿಲ್ಲವೆಂದ. ಒಂದು ಕಂಪನಿ ಸಂಘದ ಕಟ್ಟಡಕ್ಕೆ ಚಾವಣಿ ಹಾಕಿಸಿಕೊಡುತ್ತದೆ, ರೈತರಿಗೇ ಲಾಭ ಎಂದ. ಆಮೇಲೆ ಕೇಳಿದ:

"ತಂಗಿ, ರಾತ್ರಿ ನಿನ್ನ ಫೋನಿಗೆ ಏನರ ನಂಬರ್ ಬಂದಿತ್ತೇನು?"

"ಬಂದಿತ್ರಿ. ಮೋಸದ್ದಿರಬೇಕಂತ ಅಳಿಸಿಬಿಟ್ಟೆ."

ಅವನು ಅವಳ ಮುಖ ನೋಡಿದ. ಮತ್ತೆ ಕೇಳಿದರೆ, ತರಿಸಿದ್ದು ತಾನೇ ಎಂದು ಒಪ್ಪಬೇಕಾಗುತ್ತಿತ್ತು. "ಛಲೋ ಮಾಡ್ದಿ" ಎಂದು ಎದ್ದುಹೋದ. ಅವನ ಗಾಡಿಯ ಸದ್ದು ದೂರವಾದ ಮೇಲೆ ಅವಳು ನಿಜಕ್ಕೂ ಅಳಿಸಿದಳು.

ಸಂಜೆ ಕೊನೆಯ ತೂಬಿನ ಕರೆಮ್ಮ ಬಾಗಿಲಲ್ಲಿ ನಿಂತು, ಫೋನಿನಲ್ಲಿ ಕಂಡದ್ದು ಖರೆಯೇ, ಪಾಳಿ ಗುರುವಾರವೇ ಎಂದು ಕೇಳಿದಳು. ಎಲ್ಲವನ್ನೂ ಅವಳಿಗೆ ಹೇಳಿಬಿಡುವ ಮನಸ್ಸು ಮರಿಲಿಂಗಮ್ಮನಿಗಾಯಿತು. ಹೇಳಿದರೆ ಜಾಲತಾಣ ತನ್ನ ಹೆಸರಿಗಿದೆಯೆಂದು ಊರಿಗೆ ಗೊತ್ತಾಗುತ್ತದೆ. ನಾಳೆ ಕಂಪನಿಯವರು ತನ್ನ ಕಟ್ಟೆಯ ಮೇಲೆ ಕೂತು ಚಹಾ ಕೇಳುತ್ತಾರೆ. ಅವರು ಎಷ್ಟು ಕೊಡುತ್ತೇವೆನ್ನುವರೋ, ತಾನು ಏನೆನ್ನುವೆನೋ ಅವಳಿಗೆ ಗೊತ್ತಿರಲಿಲ್ಲ.

"ಗುರುವಾರನೇ," ಎಂದಳು. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿ, ಆಫೀಸಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದಳು.