ಮಗ್ಗ ತುಳಿದು ಕಲಿತ ಇಂಗ್ಲಿಷ್

೧೯೭೩ರಲ್ಲಿ ತಂಗಿ ಚೌಡೇಶ್ವರಿ ಎರಡನೇ ಸಲ ಬ್ಯಾಂಕಿನ ಪರೀಕ್ಷೆಗೆ ಕಟ್ಟಿದಳು. ಮೊದಲ ಸಲ ಇಂಗ್ಲಿಷ್ ಪದಗಳಲ್ಲೇ ಸೋತಿದ್ದಳು. ಈ ಸಲವೂ ಸೋತರೆ ಓದು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದರು.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಓದಿಗೆಂದು ಬೇರೆ ಹೊತ್ತಿರಲಿಲ್ಲ. ನಾವಿಬ್ಬರೂ ಅಕ್ಕಪಕ್ಕದ ಮಗ್ಗಗಳಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆವು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನಾನು, ಅವಳು ಬರೆದುಕೊಟ್ಟ ಕನ್ನಡ ಪಟ್ಟಿ ನೋಡಿ "ಹೇರಳ" ಎನ್ನುತ್ತಿದ್ದೆ. ಅವಳು ಕಾಲಿನಿಂದ ಮಗ್ಗ ತುಳಿದು, ಲಾಳಿ ಓಡಿಸಿ, "ಅಬಂಡೆಂಟ್" ಎನ್ನುತ್ತಿದ್ದಳು. ಒಂದು ತುಳಿತಕ್ಕೆ ಒಂದು ಪದ. ಆರು ಸೀರೆ ಮುಗಿಯುವಷ್ಟರಲ್ಲಿ ಪಟ್ಟಿಯೂ ಬಾಯಿಗೆ ಬಂತು.

ಮೈಸೂರಿನಲ್ಲಿ ಪರೀಕ್ಷೆ ಬರೆದು ಬಂದವಳು ನಗುತ್ತಿದ್ದಳು.

"ಬೆಂಚಿನ್ ಮ್ಯಾಲೆ ಕುಂತ್ರೆ ಒಂದ್ ಪದಾನೂ ಬರ್ನಿಲ್ಲ ಕಣಣ್ಣಾ. ಚಪ್ಲಿ ಬಿಟ್ಟು ನೆಲಾನೇ ತುಳಿದೆ. ಸಾಲಾಗಿ ಬಂದ್ವು!"

"ಯಾರೂ ಬೈನಿಲ್ವಾ?"

"ಸಾಹೇಬ್ರು ಬಂದು, ಯಾಕಮ್ಮ ನಡುಗ್ತಿದ್ದೀಯ, ಚಳೀನಾ ಅಂದ್ರು. ಊಂ ಸಾ ಅಂದೆ. ಆ ಏಪ್ರಿಲ್ ಬಿಸ್ಲಲ್ಲಿ!"

ಕೆಲಸ ಸಿಕ್ಕಿತು. ಅವಳು ಹನೂರಿನ ಬಸ್ಸು ಹತ್ತಿದಳು. ಪಕ್ಕದ ಮಗ್ಗ ಸುಮ್ಮನಾಯಿತು. ಆಮೇಲೂ ಬಹಳ ದಿನ ನಾನು "ಹೇರಳ" ಎಂದು, ಸ್ವಲ್ಪ ತಡೆದು, ಅವಳ ಪದವನ್ನೂ ನಾನೇ ಹೇಳಿಕೊಂಡು ಲಾಳಿ ಓಡಿಸುತ್ತಿದ್ದೆ.