ಹೆರಾನ್ಸ್ ಗೆಲ್ಲತೊಡಗಿದ ವಸಂತ

ಏಪ್ರಿಲ್ ಬಂದರೂ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಐರೀನ್ ಸ್ಟಾಹುರಾ ಮೊಣಕಾಲ ಮೇಲೆ ಕಂಬಳಿ ಎಳೆದುಕೊಂಡು ತನ್ನ ಎಂದಿನ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಬೇಸ್‌ಬಾಲ್ ಆಡುತ್ತಿರುವುದು ತನ್ನ ತಂಡವೇ ಹೌದೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಅಂಗಿ ಅದೇ. ಎದೆಯ ಮೇಲೆ ಒಂಟಿಕಾಲಲ್ಲಿ ನಿಂತ ಅದೇ ಕೊಕ್ಕರೆ. ಆದರೆ ಆಟ ಮಾತ್ರ ಬೇರೆ ಯಾರದೋ. ಎರಡನೇ ಬೇಸಿನ ಪಕ್ಕದಲ್ಲಿ ನಿಲ್ಲುವ ಹುಡುಗನ ಕಡೆಗೆ ಚೆಂಡು ಉರುಳಿ ಬಂದಾಗಲೆಲ್ಲ ಅಭ್ಯಾಸಬಲದಿಂದ ಐರೀನಳ ಕೈ ತಾನಾಗಿ ಕಣ್ಣು ಮುಚ್ಚುತ್ತಿತ್ತು. ಕೈ ತೆಗೆಯುವ ಹೊತ್ತಿಗೆ ಚೆಂಡು ಕಾಲ ಸಂದಿಯಲ್ಲಿ ತೂರಿ ಹೋಗಿರಬೇಕು, ಜನ ‘ಅಯ್ಯೋ’ ಎನ್ನುತ್ತಿರಬೇಕು. ಈ ವರ್ಷ ಕೈ ತೆಗೆದರೆ ಎದುರಾಳಿ ಔಟಾಗಿ ತಲೆ ತಗ್ಗಿಸಿ ಹೋಗುತ್ತಿದ್ದ. ಮೊದಲ ವಾರದಲ್ಲೇ ಅವಳು ಹೀಗೆ ಎಷ್ಟೋ ಒಳ್ಳೆಯ ಆಟವನ್ನು ಅಂಗೈಯ ಹಿಂದೆ ಕಳೆದುಕೊಂಡಿದ್ದಳು.

ಹೆರಾನ್ಸ್, ಅಂದರೆ ಕೊಕ್ಕರೆಗಳು, ಸೋಲುವ ತಂಡ. ಇದು ಆ ಬಂದರು ಊರಿನಲ್ಲಿ ಎಳೆಮಕ್ಕಳಿಗೂ ಗೊತ್ತಿದ್ದ ಮಾತು. ಸೋಲನ್ನು ಹೇಗೆ ನೋಡಬೇಕು, ಯಾವಾಗ ನಿಟ್ಟುಸಿರು ಬಿಡಬೇಕು, ಯಾವಾಗ ಎದ್ದು ಕಾಫಿಗೆ ಹೋಗಬೇಕು ಎಂಬುದೆಲ್ಲ ಐರೀನಳಿಗೆ ನೀರು ಕುಡಿದಷ್ಟು ಸಲೀಸು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಗಂಡ ತೀರಿಕೊಂಡ ಮೇಲೂ ಈ ಕುರ್ಚಿ ಬಿಟ್ಟುಕೊಟ್ಟವಳಲ್ಲ. ಈಗ ನೋಡಿದರೆ ತಂಡ ಹೊಸ ಋತುವಿನ ಆಟಗಳಲ್ಲಿ ಒಂದೇ ಒಂದನ್ನು ಬಿಟ್ಟು ಎಲ್ಲವನ್ನೂ ಗೆದ್ದಿತ್ತು. ಸುತ್ತ ಕಂಡರಿಯದ ಮುಖಗಳು. ಹೊಸ ಟೋಪಿ ಹಾಕಿಕೊಂಡ ಅವರೆಲ್ಲ ಸುಮ್ಮಸುಮ್ಮನೆ ಎದ್ದು ಕುಣಿಯುತ್ತಿದ್ದರು. ಐರೀನಳಿಗೂ ಕುಣಿಯುವ ಆಸೆ. ಆದರೆ ಯಾವುದೋ ನೆಂಟರ ಮದುವೆ ಎಂದು ಬೇರೆ ಯಾರದೋ ಮದುವೆಗೆ ನುಗ್ಗಿ ಊಟಕ್ಕೆ ಕೂತ ಹಾಗೆ ಒಳಗೊಳಗೇ ಮುಜುಗರ.

ಎಲ್ಲಕ್ಕಿಂತ ದೊಡ್ಡ ಗೊಂದಲ ಪಕ್ಕದ ಕುರ್ಚಿಯದು. ಅದು ಖಾಲಿ ಇತ್ತು.

ಅದು ಓಟಿಸ್ ಬೀಮನ್‌ನ ಕುರ್ಚಿ. ಅಂಚೆ ಹಂಚುತ್ತಿದ್ದ, ಎತ್ತರದ, ಕಪ್ಪು ಮೈಬಣ್ಣದ ಮನುಷ್ಯ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಇಪ್ಪತ್ತು ವರ್ಷದಿಂದ ಪಕ್ಕದಲ್ಲಿ ಕೂತು ಅವಳ ಜೊತೆ ಜಗಳವಾಡಿದವನು. ಯಾವ ಆಟಗಾರನನ್ನು ಯಾವಾಗ ಬದಲಿಸಬೇಕಿತ್ತು ಎಂಬುದರಲ್ಲಿ ಅವನ ಮನಸ್ಸಿನ ಮೂಲೆಮೂಲೆಯೂ ಅವಳಿಗೆ ಗೊತ್ತು. ಆದರೆ ಅವನ ಮನೆ ಎಲ್ಲಿ, ಫೋನ್ ನಂಬರ್ ಏನು ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ವಸಂತ ಬಂದರೆ ಓಟಿಸ್ ಬರುತ್ತಿದ್ದ, ಅಷ್ಟೆ.

‘ಹುಷಾರಿಲ್ಲವೋ ಏನೋ’ ಎಂದುಕೊಂಡಳು ಮೊದಲ ದಿನ. ಆಮೇಲಿನ ದಿನಗಳಲ್ಲಿ ಅದಕ್ಕಿಂತ ಕೆಟ್ಟದ್ದೂ ಮನಸ್ಸಿಗೆ ಬಂತು. ಆ ಶನಿವಾರ ಕಡಲೆಕಾಯಿ ಮಾರುವ ಲೂಪೆ ಮೆಟ್ಟಿಲು ಹತ್ತಿ ಬಂದಾಗ ತಡೆಯಲಾಗದೆ ಕೇಳಿಯೇಬಿಟ್ಟಳು.

“ಲೂಪೆ, ನಮ್ಮ ಓಟಿಸ್ ಏನಾದ ಅಂತ ನಿಂಗೇನಾದ್ರೂ ಗೊತ್ತಾ? ಬದುಕಿದಾನಾ?”

ಲೂಪೆ ಅಚ್ಚರಿಯಿಂದ ನಿಂತಳು. “ಬದುಕಿದಾರಾ ಅಂದ್ರೆ? ಈಗ ತಾನೇ ಗೇಟಿನ ಹತ್ರ ಒಂದು ಪೊಟ್ಟಣ ತಗೊಂಡ್ರಲ್ಲ ಸೆನ್ಯೋರಾ. ಹಿಂದುಗಡೆ ಕಾರು ನಿಲ್ಸೋ ಜಾಗದಲ್ಲಿ ಹಸಿರು ಕಾರಲ್ಲಿ ಕೂತಿರ್ತಾರೆ. ದಿನಾ ಬರ್ತಾರೆ. ನಿಮ್ಮಿಬ್ಬರಿಗೂ ಜಗಳ ಆಗಿದೆ ಅಂದ್ಕೊಂಡಿದ್ದೆ ನಾನು!”

ಐರೀನಳಿಗೆ ಮೊದಲು ಜೀವ ಬಂದಂತಾಯಿತು, ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಒಂಬತ್ತು ಇನಿಂಗ್ಸ್‌ನಲ್ಲಿ ಐದನೆಯದು ನಡೆಯುತ್ತಿತ್ತು, ಎರಡೂ ತಂಡ ಸಮಬಲ. ಅವಳು ಜನ್ಮದಲ್ಲೇ ಮೊದಲ ಬಾರಿಗೆ ಇಂಥ ಹೊತ್ತಿನಲ್ಲಿ ಕಂಬಳಿ ಮಡಚಿ ಎದ್ದಳು.

ಹಸಿರು ಕಾರಿನ ಗಾಜು ಅರ್ಧ ಇಳಿದಿತ್ತು. ಓಟಿಸ್ ರೇಡಿಯೋಕ್ಕೆ ಕಿವಿಗೊಟ್ಟು ಕಡಲೆಕಾಯಿ ಸುಲಿಯುತ್ತಿದ್ದ. ಅವಳನ್ನು ಕಂಡವನೇ ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವನ ಮುಖ ಮಾಡಿದ.

“ನೀನ್ಯಾಕೆ ಇಲ್ಲಿಗೆ ಬಂದೆ? ಹೋಗು ಮಾರಾಯ್ತಿ, ಕೆಟ್ಟುಹೋಗತ್ತೆ!”

“ಏನು ಕೆಟ್ಟುಹೋಗತ್ತೆ? ನೀನು ಸತ್ತೇಹೋದೆ ಅಂತ ನಾನಲ್ಲಿ ಒದ್ದಾಡ್ತಿದೀನಿ, ನೀನಿಲ್ಲಿ ಮಹಾರಾಜನ ಥರ ಕೂತಿದೀಯಾ?”

“ಒಳಗೆ ಬಾ. ಕೂತ್ಕೋ. ಹೇಳ್ತೀನಿ.”

ಅವನು ಹೇಳಿದ್ದು ಇಷ್ಟು. ಮೊದಲ ಆಟದ ದಿನ ಹಲ್ಲು ಕೀಳಿಸಿ ಮುಖ ಊದಿತ್ತು, ಮನೆಯಲ್ಲೇ ಉಳಿದ. ತಂಡ ಗೆದ್ದಿತು. ಮಾರನೆಯ ದಿನವೂ ಊತ ಇಳಿಯಲಿಲ್ಲ, ಮತ್ತೆ ಗೆದ್ದಿತು. ಮೂರನೇ ಆಟಕ್ಕೆ ಬಂದ, ಗೇಟಿನವರೆಗೂ ಬಂದ, ಕಾಲು ಮುಂದೆ ಹೋಗಲಿಲ್ಲ; ಕಾರಿನಲ್ಲೇ ಕೂತು ರೇಡಿಯೋ ಕೇಳಿದ, ತಂಡ ಮತ್ತೆ ಗೆದ್ದಿತು.

“ಆಮೇಲೆ ಮಂಗಳವಾರ ತಡೀಲಾರದೆ ಒಳಗೆ ಬಂದು ಕಂಬದ ಹಿಂದೆ ನಿಂತ್ಕೊಂಡು ನೋಡ್ದೆ. ಅವತ್ತು ಏನಾಯ್ತು?”

“ಸೋತ್ವಿ,” ಎಂದಳು ಐರೀನ್ ಮೆಲ್ಲಗೆ.

“ಗೊತ್ತಾಯ್ತಾ? ಇಪ್ಪತ್ತು ವರ್ಷ ಆ ಕೊಕ್ಕರೆ ಮೇಲೆ ಕೂತಿದ್ದ ಶನಿ ನಾನೇ.”

ನಗಬೇಕೆಂದು ಬಾಯಿ ತೆರೆದಳು, ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರಾಡುತ್ತಿತ್ತು. ಇದು ಹುಚ್ಚು ಎನ್ನೋಣವೆಂದರೆ ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು.

“ನಿನ್ನ ಬಿಟ್ಟು ಗೆದ್ರೆ ನಂಗೆ ಗೆದ್ದ ಹಾಗೇ ಇರಲ್ಲ ಓಟಿಸ್. ಕರ್ಕೊಂಡು ಹೋಗಿ ಸೋತ್ರೆ ಊರಿಗೆ ಊರೇ ನನ್ನ ಬೈಯತ್ತೆ. ನಾನೇನು ಮಾಡ್ಲಿ ಹೇಳು?”

“ಇಲ್ಲೇ ಕೂತು ಕಡಲೆಕಾಯಿ ತಿನ್ನು.”

ತಿಂದಳು. ಅಲ್ಲಿ ಇನ್ನೊಂದು ವಿಚಿತ್ರವಿತ್ತು. ಕ್ರೀಡಾಂಗಣದ ಗದ್ದಲ ಗಾಜಿನ ಸಂದಿಯಿಂದ ಮೊದಲು ಬರುತ್ತಿತ್ತು. ರೇಡಿಯೋದವನ ಮಾತು ಸ್ವಲ್ಪ ತಡವಾಗಿ. ಇಲ್ಲಿ ರೇಡಿಯೋದಲ್ಲಿ ಚೆಂಡು ಇನ್ನೂ ಎಸೆದಿರಲಿಲ್ಲ, ಅಲ್ಲಿ ಜನ ಆಗಲೇ ಕೂಗಿ ಮುಗಿಸಿರುತ್ತಿದ್ದರು. ಏನು ಆಯಿತೆಂದು ತಿಳಿಯದೆ ಸಂತೋಷಪಡಲು ತಯಾರಾಗಿ ಕೂರುವುದು ಐರೀನಳಿಗೆ ತಲೆ ತಿರುಗಿಸುವ ಕೆಲಸವಾಯಿತು. ಓಟಿಸ್‌ಗೆ ಮಾತ್ರ ಅಭ್ಯಾಸವಾಗಿಬಿಟ್ಟಿತ್ತು. “ಈಗ ಬಂತಲ್ಲ, ಅದು ಔಟು,” ಎನ್ನುತ್ತಿದ್ದ. ರೇಡಿಯೋದವನು ಆಮೇಲೆ ಹೌದೆನ್ನುತ್ತಿದ್ದ.

ಎಂಟನೇ ಇನಿಂಗ್ಸ್ ಶುರುವಾಗಿತ್ತು, ಇನ್ನೂ ಸಮಬಲ. ಆಗ ರೇಡಿಯೋ ಒಮ್ಮೆ ಗೊರಗೊರ ಎಂದು ತಣ್ಣಗಾಯಿತು. ಓಟಿಸ್ ಕೀಲಿ ತಿರುಗಿಸಿದ. ಕಾರು ಟಿಕ್ ಎಂದಿತೇ ಹೊರತು ಮಿಸುಕಲಿಲ್ಲ. ಇಂಜಿನ್ ಆರಿಸಿ ದಿನಾ ರೇಡಿಯೋ ಕೇಳಿದ್ದಕ್ಕೆ ಬ್ಯಾಟರಿ ಪ್ರಾಣ ಬಿಟ್ಟಿತ್ತು.

ಅದೇ ಹೊತ್ತಿಗೆ ಗೋಡೆಯ ಆಚೆಯಿಂದ ದೊಡ್ಡ ಹುಯಿಲು ಎದ್ದಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಾಳಿಗಳ ಊರು ದೂರವಿಲ್ಲ, ಬಸ್ಸು ಮಾಡಿಕೊಂಡು ಜನ ಬಂದಿದ್ದರು.

“ಅದು ನಮ್ಮ ಕೂಗಾ, ಅವರದ್ದಾ?” ಎಂದ ಓಟಿಸ್.

“ನಮ್ಮದು ಹಾಗಿರಲ್ಲ.”

“ಈ ವರ್ಷ ಹೇಗಿರತ್ತೋ ಯಾರಿಗೆ ಗೊತ್ತು? ನಂಗಂತೂ ಗೊತ್ತಾಗ್ತಿಲ್ಲ!”

ಮತ್ತೊಂದು ಹುಯಿಲು. ಓಟಿಸ್ ಬಾಗಿಲು ತೆರೆದೇಬಿಟ್ಟ. ಮಡಿಲಲ್ಲಿದ್ದ ಕಡಲೆಸಿಪ್ಪೆ ನೆಲಕ್ಕೆ ಚೆಲ್ಲಿತು. ಎಪ್ಪತ್ತು ದಾಟಿದ ಮನುಷ್ಯ ಕೋಟಿನ ಗುಂಡಿ ಹಾಕಿಕೊಳ್ಳದೆ ಗೇಟಿನ ಕಡೆ ಓಡಿದ. ಹಿಂದೆ ಕಂಬಳಿ ಬಗಲಲ್ಲಿಟ್ಟುಕೊಂಡು ಐರೀನ್. ಗೇಟಿನಲ್ಲಿದ್ದ ಹೆಂಗಸು ಇಬ್ಬರನ್ನೂ ಬಲ್ಲವಳು. “ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಮುದುಕಪ್ಪಾ?” ಎಂದು ದಾರಿ ಬಿಟ್ಟಳು.

ಕೂಗು ಅವರದ್ದೇ ಆಗಿತ್ತು. ಹೆರಾನ್ಸ್ ಒಂದು ರನ್ ಹಿಂದೆ ಬಿದ್ದಿತ್ತು.

“ನೋಡಿದ್ಯಾ?” ಎಂದು ಓಟಿಸ್ ಕುರ್ಚಿಯಲ್ಲಿ ಕುಸಿದ. “ಎದ್ದು ಹೋಗ್ಲಾ?”

“ಸುಮ್ನೆ ಕೂತ್ಕೋ. ಇದು ನೀನು ಕಾರಲ್ಲಿದ್ದಾಗ ಆಗಿದ್ದು.”

ಅವನು ಕೂತ. ಕಣ್ಣು ಅರ್ಧ ಮುಚ್ಚಿಕೊಂಡೇ ಕೂತ. ಕೊನೆಯ ಇನಿಂಗ್ಸಿನಲ್ಲಿ ಹೆರಾನ್ಸ್‌ನ ಇಬ್ಬರು ಬೇಸಿನಲ್ಲಿದ್ದರು, ಇನ್ನಿಬ್ಬರು ಔಟಾಗಿದ್ದರು; ಮೂರನೆಯವನೂ ಔಟಾದರೆ ಆಟ ಮುಗಿದ ಹಾಗೆ. ಬ್ಯಾಟು ಹಿಡಿದು ಬಂದದ್ದು ಟಾವೆರಸ್ ಎಂಬ ಹೊಸ ಹುಡುಗ. ಅವನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಐರೀನ್ ಇನ್ನೂ ಕಲಿತಿರಲಿಲ್ಲ. ಎರಡು ಚೆಂಡನ್ನು ಬೀಸದೆ ಬಿಟ್ಟ. ಮೂರನೆಯದಕ್ಕೆ ಬೀಸಿದ. ಚೆಂಡು ಬಲಗಡೆಯ ದೂರದ ಗೋಡೆಗೆ ಬಡಿದು ಎಲ್ಲೋ ಪುಟಿಯಿತು. ಬೇಸಿನಲ್ಲಿದ್ದವರಲ್ಲಿ ಒಬ್ಬ ಓಡಿ ಬಂದ, ಅವನ ಹಿಂದೆಯೇ ಇನ್ನೊಬ್ಬ ಮಣ್ಣಿನಲ್ಲಿ ಜಾರಿ ಬಂದ, ಎರಡು ರನ್. ಗೆದ್ದಿತು.

ಹೊಸ ಟೋಪಿಯವರು ಒಬ್ಬರ ಮೇಲೊಬ್ಬರು ಬಿದ್ದರು. ಯಾರೋ ಐರೀನಳ ಕೆನ್ನೆಗೆ ಮುತ್ತು ಕೊಟ್ಟರು. ಅವಳು ಕಿರುಚುತ್ತ ತಿರುಗಿದರೆ ಓಟಿಸ್ ಮಾತ್ರ ಕೂತಲ್ಲೇ ಕೂತು ಮೈದಾನವನ್ನೇ ನೋಡುತ್ತಿದ್ದ, ಮುಖದಲ್ಲಿ ನಗುವಿಲ್ಲ.

“ಏನಾಯ್ತೋ? ಗೆದ್ವಿ! ನೀನಿಲ್ಲೇ ಇದ್ದೆ!”

“ಅದೇ,” ಎಂದ ಅವನು. “ಹಾಗಾದ್ರೆ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ. ಹೌದಲ್ವಾ? ಇಷ್ಟು ವರ್ಷ ಸೋತಿದ್ದು ಯಾಕೆ ಮತ್ತೆ?”

“ಅವರಿಗೆ ಆಡೋಕೆ ಬರ್ತಿರಲಿಲ್ಲ ಕಣೋ, ಅಷ್ಟೇ.”

ಹೇಳಿದ ಮೇಲೆ ಅವಳಿಗೇ ಪಿಚ್ಚೆನಿಸಿತು. ಶನಿ ಎನಿಸಿಕೊಳ್ಳುವುದು ಕಷ್ಟ ನಿಜ. ಏನೂ ಅಲ್ಲದವನು ಎನಿಸಿಕೊಳ್ಳುವುದು ಅದಕ್ಕಿಂತ ಕಷ್ಟವೇ? ಪಕ್ಕದಲ್ಲಿ ಕೂತಳು. ಕಂಬಳಿಯ ಅರ್ಧವನ್ನು ಅವನ ಕಾಲ ಮೇಲೆ ಎಳೆದಳು. ಜನ ಕರಗಿದ ಮೇಲೆ ಓಟಿಸ್, “ಆ ಹುಡುಗ ಎರಡನೇ ಚೆಂಡಿಗೇ ಬೀಸ್ಬೇಕಿತ್ತು,” ಎಂದ.

“ತಲೆ ಕೆಟ್ಟಿದ್ಯಾ ನಿಂಗೆ? ಅದು ನೆಲ ಮುಟ್ಟುವಷ್ಟು ಕೆಳಗಿತ್ತು!”

“ನಿನ್ನ ಕನ್ನಡಕ ಬದಲಿಸ್ಕೋ.”

ಹೊರಗೆ ಬಂದಾಗ ಇಳಿಬಿಸಿಲಿಗೆ ಕಾರುಗಳೆಲ್ಲ ಹೊರಟಿದ್ದವು. ಎದುರಾಳಿ ತಂಡದ ಟೋಪಿ ಹಾಕಿದ್ದ ಒಬ್ಬ ದಪ್ಪನೆಯ ಮನುಷ್ಯ ಕರುಣೆ ತೋರಿ ತನ್ನ ಬ್ಯಾಟರಿಯಿಂದ ತಂತಿ ಜೋಡಿಸಿದ. ಇಂಜಿನ್ ಹಿಡಿದುಕೊಳ್ಳುವುದನ್ನು ಕಾಯುತ್ತ ಕೇಳಿದ:

“ಅಲ್ಲಾ, ನಿಮ್ಮ ತಂಡಕ್ಕೆ ಈ ವರ್ಷ ಏನಾಗಿದೆ?”

“ಗೊತ್ತಿಲ್ಲಪ್ಪ,” ಎಂದಳು ಐರೀನ್. “ನಾವೂ ಅದನ್ನೇ ನೋಡ್ತಾ ಇದೀವಿ.”

ಕಾರು ಕೆಮ್ಮಿ ಶುರುವಾಯಿತು. ಇನ್ನು ಆರಿಸುವಂತಿರಲಿಲ್ಲ. ಓಟಿಸ್ ಪಕ್ಕದ ಸೀಟಿನ ಮೇಲಿನ ಸಿಪ್ಪೆ ಗುಡಿಸಿ, “ಬಿಡ್ತೀನಿ ಹತ್ತು. ನಿನ್ನ ಮನೆ ಎಲ್ಲಿ?” ಎಂದ.

“ಮೊದಲು ಸೇತುವೆ ದಾಟು,” ಎಂದಳು. “ಆಮೇಲೆ ಹೇಳ್ತೀನಿ.”